ಬಿಳಿ ಸುಡಬಾರದು

"ಗಲ್ಲ ಸ್ವಲ್ಪ ಎತ್ತು. ಅಷ್ಟೊಂದಲ್ಲ. ಹ್ಞಾಂ, ಹಾಗೇ ಇರು," ಎಂದು ಗಂಡ ಬೆಳಕು ಅಳೆಯುವ ಮೀಟರನ್ನು ಅವಳ ಮುಖದ ಹತ್ತಿರ ತಂದ. ಊದಿಕೊಂಡಿದ್ದ ಎಡದವಡೆಗೆ ಅದರ ಅಂಚು ತಾಗಿ ಅವಳು ಕಣ್ಣು ಮುಚ್ಚಿದಳು. "ಕಣ್ಣು ಮುಚ್ಚಬೇಡ, ರೀಡಿಂಗ್ ತಗೋತಿದೀನಿ," ಎಂದ ಅವನು.

ರೀಡಿಂಗಿಗೂ ಅವಳ ಕಣ್ಣಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಅವನ ಮುಂದೆ ಕೂತವರು ಮಿಸುಕುವಂತಿರಲಿಲ್ಲ. ಪೇಟೆಯಲ್ಲಿ ಅವನಿಗೆ ಮೀಟರ್ ಎಂದೇ ಹೆಸರು ಬಿದ್ದಿತ್ತು. ಮದುಮಗಳಾಗಲಿ ಮಂತ್ರಿಯಾಗಲಿ, ಗಲ್ಲಕ್ಕೆ ಮೀಟರ್ ಹಿಡಿಯದೆ ಅವನು ಕ್ಯಾಮೆರಾ ಮುಟ್ಟಿದವನಲ್ಲ. ಹಿಂದಿನಿಂದ ನಗುವವರು ನಕ್ಕರೂ ಕೆಲಸವನ್ನು ಮಾತ್ರ ಅವನಿಗೇ ಕೊಡುತ್ತಿದ್ದರು. ಬೇರೆಯವರು ತೆಗೆದ ವಿಡಿಯೋದಲ್ಲಿ ಬಿಳಿ ಬಟ್ಟೆ ಸುಣ್ಣ ಬಳಿದ ಗೋಡೆಯಾಗುತ್ತಿತ್ತು. ಅವನದರಲ್ಲಿ ಒಂದೊಂದು ನೆರಿಗೆಯೂ ಕಾಣುತ್ತಿತ್ತು. "ನನ್ನ ಕೈಯಲ್ಲಿ ಇವತ್ತಿನವರೆಗೆ ಒಂದು ಬಿಳಿ ಸುಟ್ಟಿಲ್ಲ," ಎನ್ನುವುದು ಅವನ ಬಾಯಿಪಾಠ. ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಮರುದಿನ ಬೆಳಿಗ್ಗೆ ಗಡ್ಡೆ ಬೆಳೆದಿದ್ದ ಅವಳ ಎಡದವಡೆಯ ಮೂಳೆಯನ್ನು, ಜೊತೆಗೆ ಕೆನ್ನೆಯ ಒಂದಷ್ಟನ್ನು, ಕೊಯ್ದು ತೆಗೆಯುವವರಿದ್ದರು. ಡಾಕ್ಟರು ಬಿಳಿ ಹಾಳೆಯ ಮೇಲೆ ಒಂದು ಮುಖ ಬರೆದು, ಕತ್ತರಿಸುವ ಜಾಗದಲ್ಲಿ ಗೆರೆ ಎಳೆದು ತೋರಿಸಿದ್ದರು. ಜೀವಕ್ಕೆ ಭಯವಿಲ್ಲ, ಮಾತು ತಕ್ಕಮಟ್ಟಿಗೆ ಬರುತ್ತದೆ, ಮುಖ ಮಾತ್ರ ಮೊದಲಿನ ಹಾಗಿರುವುದಿಲ್ಲ ಎಂದಿದ್ದರು. ಅವಳು ಅಲ್ಲಿ ಅಳಲಿಲ್ಲ. ಮನೆಗೆ ಬಂದಮೇಲೆ ಗಂಡನ ಹತ್ತಿರ ಒಂದೇ ಒಂದು ಮಾತು ಕೇಳಿದಳು.

"ನಾನು ನಗೋದನ್ನ ಒಂದ್ಸಲ ವಿಡಿಯೋ ತೆಗೀರಿ. ನಮ್ಮಮ್ಮ ಹೀಗೇ ನಗ್ತಿದ್ಲು, ಎಡಗಡೆ ಸೊಟ್ಟಗೆ. ಅವಳದ್ದು ಅಂತ ಒಂದು ಫೋಟೋನೂ ಇಲ್ಲ. ಉಳಿದಿರೋದು ಇದೊಂದೇ."

ಅಷ್ಟು ವರ್ಷ ಸ್ಟುಡಿಯೋದವನ ಹೆಂಡತಿಯಾಗಿದ್ದವಳಿಗೆ ತನ್ನದೊಂದು ಚಿತ್ರ ಇರಲಿಲ್ಲವೇ ಎಂದರೆ, ಇದ್ದವು, ಬೇಕಾದಷ್ಟು. ಆದರೆ ದೀಪದ ಬುಡದಲ್ಲೇ ಕತ್ತಲೆ. ಗಂಡನೂ ಅವನ ತಂಗಿಯೂ ಬೆಳ್ಳಗಿನವರು, ಅವಳು ಎಣ್ಣೆಗಪ್ಪು. ಮೀಟರ್ ತನ್ನವರ ಬಣ್ಣಕ್ಕೆ, ಅವರ ತಿಳಿ ಬಟ್ಟೆಗೆ ಬೆಳಕು ಹೊಂದಿಸಿ ಒತ್ತುತ್ತಿದ್ದ. ಎಲ್ಲ ಚಿತ್ರಗಳಲ್ಲೂ ಅವಳು ಪಕ್ಕದಲ್ಲಿ ಎರಡು ಕಣ್ಣು, ಒಂದು ಸಾಲು ಹಲ್ಲು. "ಕಂಪ್ಯೂಟರಿನಲ್ಲಿ ನಿನ್ನ ಮುಖದ ಬೆಳಕು ಎತ್ತಿಕೊಡ್ತೀನಿ," ಎಂದು ಪ್ರತಿಸಲವೂ ಹೇಳುತ್ತಿದ್ದ. ಒಮ್ಮೆಯೂ ಎತ್ತಲಿಲ್ಲ.

ಹೆಂಡತಿಯ ಮಾತಿಗೆ ಅವನು ತಕ್ಷಣ ಒಪ್ಪಿದ. ಅದಕ್ಕೆ ಅವಳೊಬ್ಬಳೇ ಕಾರಣವಾಗಿರಲಿಲ್ಲ. ರಾ ವಿಡಿಯೋ ತೆಗೆಯುವ ಹೊಸ ಕ್ಯಾಮೆರಾ ಬಂದಿತ್ತು. ಅದು ಕತ್ತಲು ಬೆಳಕುಗಳನ್ನು ಒಟ್ಟಿಗೆ ಎಷ್ಟು ಹಿಡಿಯುತ್ತದೆ ಎಂದು ನೋಡುವ ಚಪಲ ಅವನಿಗಿತ್ತು. ನಡುಮನೆಯ ದೊಡ್ಡ ಕಿಟಕಿ, ಅದಕ್ಕೆ ಬಿಳಿ ಲೇಸಿನ ಪರದೆ, ಹಿಂದೆ ಮಧ್ಯಾಹ್ನದ ಬಿಸಿಲು, ಮುಂದೆ ಕಪ್ಪು ಮುಖ. ಇದಕ್ಕಿಂತ ಕಷ್ಟದ ಪರೀಕ್ಷೆ ಬೇಡಿದರೂ ಸಿಗುತ್ತಿರಲಿಲ್ಲ. ಸಂಜೆ ಬರುವ ಕ್ಯಾಮೆರಾ ಗೆಳೆಯರಿಗೆ ತೋರಿಸುವುದಾಗಿ ಆಗಲೇ ಫೋನು ಮಾಡಿ ಹೇಳಿದ್ದ.

"ನಾನು ಕಿಟಕಿ ಕಡೆ ತಿರುಗಿ ಕೂತ್ರೆ ಆಗಲ್ವಾ? ಮುಖಕ್ಕೆ ಬೆಳಕು ಬೀಳುತ್ತೆ," ಎಂದಳು ಅವಳು.

"ಹಿಂದೆ ಆ ಪಾಚಿ ಹಿಡಿದ ಗೋಡೆ ಬರುತ್ತೆ. ಪಾಸ್‌ಪೋರ್ಟ್ ಫೋಟೋ ಥರ ಆಗೋಗುತ್ತೆ. ನಿಂಗೆ ಗೊತ್ತಾಗಲ್ಲ, ಸುಮ್ನಿರು."

ಆಸ್ಪತ್ರೆಯ ದಿನಗಳಲ್ಲಿ ಅಡುಗೆಗೆಂದು ಬಂದಿದ್ದ ನಾದಿನಿ ಪೌಡರಿನ ಡಬ್ಬಿ ಹಿಡಿದು ಬಂದಳು. ಅವಳ ನಾಲಿಗೆಗೆ ಯಾವತ್ತೂ ಬಾಗಿಲು ಇರಲಿಲ್ಲ. "ಅತ್ತಿಗೆ, ಸ್ವಲ್ಪ ಹಚ್ತೀನಿ. ಅಣ್ಣಂಗೂ ಕಷ್ಟ ತಪ್ಪುತ್ತೆ," ಎಂದು ಬಲಗೆನ್ನೆಗೆ ಬಳಿದೇಬಿಟ್ಟಳು.

"ಅರ್ಧ ಸ್ಟಾಪ್ ಬೆಳಕು ಉಳೀತು," ಎಂದ ಅಣ್ಣ, ಮೀಟರ್ ನೋಡಿ. ಅಣ್ಣ ತಂಗಿ ಇಬ್ಬರೂ ನಕ್ಕರು.

ಅವಳು ಬಟ್ಟೆಯ ಅಂಚಿನಿಂದ ಪೌಡರ್ ಒರೆಸಿಕೊಂಡಳು. "ಬೇಡಮ್ಮ. ಇವತ್ತು ತೆಗೀಬೇಕಾಗಿರೋದು ನನ್ನ ಮುಖ."

ಮೀಟರ್ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ ತಂಗಿಗೆ ಪಾಠ ಶುರುಮಾಡಿದ. "ಮಾಮೂಲಿ ವಿಡಿಯೋ ಅಂದ್ರೆ ಬೆಂದ ಅಡುಗೆ. ರಾ ಅಂದ್ರೆ ಹಸಿ ಹಿಟ್ಟು, ಹೇಗೆ ಬೇಕಾದ್ರೂ ತಟ್ಟಬಹುದು. ಆದ್ರೆ ಒಂದು ತಿಳ್ಕೋ. ಎಲ್ಲಿ ಬೆಳಕು ಜಾಸ್ತಿ ಆಯ್ತೋ ಅಲ್ಲಿ ಸುಟ್ಟೋಯ್ತು, ಬ್ರಹ್ಮ ಬಂದ್ರೂ ವಾಪಸ್ ಬರಲ್ಲ. ಕತ್ತಲೇನ ಬೇಕಾದ್ರೆ ಎತ್ತಬಹುದು." ಕಿಟಕಿಯ ಪರದೆಯಲ್ಲಿ ಬೆಳಕು ಮೀರಿದ ಜಾಗದಲ್ಲೆಲ್ಲ ಕ್ಯಾಮೆರಾದ ಪುಟ್ಟ ಸ್ಕ್ರೀನು ಕಪ್ಪು ಬಿಳಿ ಪಟ್ಟೆಗಳನ್ನು ಓಡಿಸುತ್ತಿತ್ತು. ಅವನು ಕ್ಯಾಮೆರಾದ ಮೇಲಿನ ಪುಟ್ಟ ಗಾಲಿಯನ್ನು ಕ್ಲಿಕ್ ಕ್ಲಿಕ್ಕೆಂದು ತಿರುಗಿಸುತ್ತ ಕೊನೆಯ ಪಟ್ಟೆಯೂ ಮಾಯವಾಗುವವರೆಗೆ ಬೆಳಕನ್ನು ಇಳಿಸಿದ. ಸ್ಕ್ರೀನಿನ ಮೂಲೆಯಲ್ಲಿ ಎಡಕ್ಕೆ ಕತ್ತಲೆ, ಬಲಕ್ಕೆ ಬೆಳಕು ತೋರಿಸುವ ಗ್ರಾಫಿನ ಬಲತುದಿಯ ಗುಡ್ಡ ಅಂಚು ಮುಟ್ಟದೆ ನಿಂತಿತು.

ಕೂತಲ್ಲಿಂದಲೇ ಕತ್ತು ಚಾಚಿ ಅವಳು ಕೇಳಿದಳು. "ಅದ್ರಲ್ಲಿ ನಾನೆಲ್ಲಿ?"

"ಇಲ್ಲಿ," ಎಂದು ಅವನು ಎಡದ ತುದಿಗೆ ಬೆರಳಿಟ್ಟ. "ಈ ಮೂಲೇಲಿ."

"ಒಳ್ಳೇದಾಯ್ತು. ಅಲ್ಲಾದ್ರೂ ಜಾಗ ಸಿಕ್ತಲ್ಲ," ಎಂದಳು. ಯಾರೂ ನಗಲಿಲ್ಲ.

ಬರಿದೇ ನಗು ಎಂದರೆ ನಗು ಬರುತ್ತದೆಯೇ? ಅದಕ್ಕಾಗಿ ಅವಳು ಒಂದು ಕಥೆ ಇಟ್ಟುಕೊಂಡಿದ್ದಳು. ಮೊದಲ ಸಲ ಚೆನ್ನಾಗಿಯೇ ಹೇಳಿದಳು. "ನಮ್ಮಪ್ಪ ಹೊಸದಾಗಿ ಬಣ್ಣ ಬಳಿದ ಕುರ್ಚಿ ಮೇಲೆ ಕೂತುಬಿಟ್ಟಿದ್ರು. ಪ್ಯಾಂಟಿನ ಹಿಂದೆ ಹಸಿರು ಗೆರೆ. ಹಾಗೇ ಆಫೀಸಿಗೆ ಹೋದ್ರು, ಸಾಹೇಬ್ರ ಮುಂದೆ ತಿರುಗಿ ತಿರುಗಿ ಫೈಲು ತೆಗೆದ್ರು, ಸಂಜೆ ವಾಪಸ್ ಬಂದ್ರು. ನಮ್ಮಮ್ಮ ಬೆಳಿಗ್ಗೇನೇ ನೋಡಿದ್ಲಂತೆ. ಹೇಳ್ಲಿಲ್ಲ. ಅಪ್ಪ ಯಾಕೆ ಹೇಳ್ಲಿಲ್ಲ ಅಂತ ಕೂಗಾಡಿದ್ರೆ..." ನಗು ಅವಳ ಹೊಟ್ಟೆಯಿಂದ ಎದ್ದು ಕುತ್ತಿಗೆಗೆ ಬಂದಿತ್ತು. ತುಟಿಯ ಎಡತುದಿ ಆಗಲೇ ಸೊಟ್ಟಗಾಗುತ್ತಿತ್ತು.

"ನಿಲ್ಲಿಸು, ನಿಲ್ಲಿಸು," ಎಂದ ಮೀಟರ್. "ಮೋಡ ಸರೀತು. ಪರದೆ ಮೇಲೆ ಪಟ್ಟೆ ಬಂತು." ರೆಕಾರ್ಡಿಂಗ್ ನಿಲ್ಲಿಸಿ ಬೆಳಕನ್ನು ಇನ್ನೂ ಒಂದಿಷ್ಟು ಇಳಿಸಿದ.

ಬಂದ ನಗು ಒಳಗೇ ಹೋಯಿತು. ಎರಡನೆಯ ಸಲ ಅದೇ ಕಥೆ ಹೇಳುವಾಗ ದವಡೆಯಲ್ಲಿ ಸೂಜಿ ಆಡಿಸಿದಂತಾಗಿ ಮಾತು ಮಾತಿಗೂ ನಿಲ್ಲುತ್ತಿದ್ದಳು. ಆದರೂ ಕೊನೆಗೆ, ಅಮ್ಮ "ನೀವು ಕೇಳ್ಲಿಲ್ಲವಲ್ಲ" ಎಂದದ್ದನ್ನು ಹೇಳಿ, ಕಷ್ಟಪಟ್ಟು ನಕ್ಕಳು. ಬಾಯಿ ತುಂಬ ಉಪ್ಪು ರುಚಿ ಬಂತು. ಕರವಸ್ತ್ರಕ್ಕೆ ಉಗುಳಿ, ಕೆಂಪಗಿದ್ದದ್ದನ್ನು ಮಡಿಸಿ ಬಚ್ಚಿಟ್ಟುಕೊಂಡಳು.

"ಸೂಪರ್," ಎಂದ ಅವನು. ನಿಜವಾಗಿಯೂ ಸಂತೋಷವಾಗಿತ್ತು ಅವನಿಗೆ.

"ತೋರಿಸಿ."

"ಆಸ್ಪತ್ರೆಯಿಂದ ಬಾ, ಚೆನ್ನಾಗಿ ಮಾಡಿ ಇಟ್ಟಿರ್ತೀನಿ."

"ಆಸ್ಪತ್ರೆಗೆ ಹೋಗೋಳು ನಾನು. ಈಗಲೇ ತೋರಿಸಿ."

ಮೂವರೂ ಕಂಪ್ಯೂಟರಿನ ಮುಂದೆ ಕೂತರು. ಮೊದಲು ಕಂಡದ್ದು ಕಿಟಕಿ. ಲೇಸಿನ ಹೂವು, ಹೂವಿನೊಳಗಿನ ಗಂಟು, ಗಂಟಿನಿಂದ ಹೊರಟ ಎಳೆ, ಎಲ್ಲವೂ ಕೈಯಿಂದ ಮುಟ್ಟುವ ಹಾಗಿದ್ದವು. ಅದರ ಮುಂದೆ ಮನುಷ್ಯಾಕಾರದ ಒಂದು ಕಪ್ಪು. ಮೀಟರ್ ಮೌಸ್ ಹಿಡಿದು ಕತ್ತಲೆಯನ್ನು ಎತ್ತತೊಡಗಿದ. ಮುಖ ಬಂತು, ಆದರೆ ಬರುವಾಗ ಮೈತುಂಬ ಕೆಂಪು ಹಸಿರು ಚುಕ್ಕಿಗಳನ್ನು ಹೊತ್ತುಕೊಂಡು ಬಂತು, ಚೆಲ್ಲಿದ ಸಕ್ಕರೆಗೆ ಇರುವೆ ಮುತ್ತಿದ ಹಾಗೆ. ಅವಳು ನಕ್ಕಾಗ ಚುಕ್ಕಿಗಳೂ ಗಿಜಿಗುಟ್ಟಿದವು.

"ಇದನ್ನ ತೊಳೀಬಹುದು," ಎಂದು ಅವನು ಮತ್ತೇನೋ ಒತ್ತಿದ. ಚುಕ್ಕಿ ಹೋಯಿತು. ಜೊತೆಗೆ ಮೂಗಿನ ಪಕ್ಕದ ಮಚ್ಚೆ ಹೋಯಿತು, ಹಣೆಯ ಗೆರೆಗಳು ಹೋದವು, ತುಟಿಯ ಎಡತುದಿಯ ಮಡಿಕೆ ಹೋಯಿತು. ಉಳಿದದ್ದು ಮೇಣ ಬಳಿದಂಥ ನುಣುಪು.

"ಯಾರಿದು?" ಎಂದಳು ಅವಳು.

"ಯಾರೇನು, ನೀನೇ."

"ಚೆನ್ನಾಗೇ ಬಂದಿದೀರಿ ಅತ್ತಿಗೆ, ವಯಸ್ಸೇ ಗೊತ್ತಾಗಲ್ಲ," ಎಂದಳು ನಾದಿನಿ. ಸಮಾಧಾನ ಹೇಳುವುದೆಂದರೆ ಇಷ್ಟೇ ಅವಳಿಗೆ ಗೊತ್ತಿದ್ದದ್ದು.

ಹೆಂಡತಿಗೆ ಆಗ ಸಿಟ್ಟು ಬಂತು. ದವಡೆಯ ನೋವನ್ನೂ ಮೀರಿ ಬಂದ ಸಿಟ್ಟು. "ನಾಳೆ ಕೊಯ್ಯೋದು ನಿಮ್ಮ ಪರದೇನಲ್ಲ ರೀ, ನನ್ನ ಮುಖಾನ. ಕಿಟಕಿ ಇಲ್ಲೇ ಇರುತ್ತೆ, ದಿನಾ ತೆಕ್ಕೊಳ್ಳಿ. ಈಗ ಅದು ಸುಟ್ಟೋದ್ರೆ ಹೋಗ್ಲಿ. ನನ್ನ ಮುಖ ಕಾಣೋ ಹಾಗೆ ಮಾಡಿ. ಇನ್ನೊಂದೇ ಸಲ."

ಇಷ್ಟು ಮಾತಿಗೆ ಬಾಯಲ್ಲಿ ಮತ್ತೆ ರಕ್ತ ಬಂದು, ಆಮೇಲೆ ಅವಳಿಗೆ ಮಾತಾಡಲಾಗಲಿಲ್ಲ. ಎದ್ದು ಹೋಗಿ ಅದೇ ಕುರ್ಚಿಯಲ್ಲಿ ಕೂತಳು. ಕುರ್ಚಿಯನ್ನು ತಿರುಗಿಸುವ ಶಕ್ತಿ ಅವಳಿಗಿರಲಿಲ್ಲ, ತಿರುಗಿಸುವ ಮನಸ್ಸು ಅವನಿಗಿರಲಿಲ್ಲ.

ಮೀಟರ್ ಹಲ್ಲು ಕಚ್ಚಿಕೊಂಡು ಗಾಲಿ ತಿರುಗಿಸಿದ. ಬೆಳಕು ಏರುತ್ತ ಹೋಯಿತು. ಪಟ್ಟೆಗಳು ಮೊದಲು ಲೇಸಿನ ಅಂಚಿಗೆ ಬಂದವು, ಆಮೇಲೆ ಹೂವಿಗೆ, ಆಮೇಲೆ ಕಿಟಕಿಯೆಲ್ಲ ಪಟ್ಟೆಯೇ ಪಟ್ಟೆ. ಮತ್ತು ಆ ಪುಟ್ಟ ಸ್ಕ್ರೀನಿನಲ್ಲಿ ಅವನ ಹೆಂಡತಿ ಕಂಡಳು. ಮಚ್ಚೆ, ಹಣೆಯ ಗೆರೆ, ಬಿಗಿದು ಹೊಳೆಯುತ್ತಿದ್ದ ಊತ, ಅದರ ಮೇಲೆ ಕಾದು ಕೂತ ಎರಡು ಕಣ್ಣು. ಚರ್ಮದ ಬಣ್ಣ ಇದ್ದದ್ದು ಇದ್ದ ಹಾಗೆ. ಇಷ್ಟು ವರ್ಷದಲ್ಲಿ ಅವನ ಯಾವ ಕ್ಯಾಮೆರಾದಲ್ಲೂ ಅವಳು ಹೀಗೆ ಬಂದಿರಲಿಲ್ಲ. ಅವನು ಅದನ್ನು ನೋಡಿದ, ಸರಿಯಾಗಿಯೇ ನೋಡಿದ.

ಅವಳು ಕೈಯೆತ್ತಿ, ಕಾಣುತ್ತಿದ್ದೇನೆಯೇ ಎಂದು ಸನ್ನೆ ಮಾಡಿದಳು.

"ಕಾಣ್ತಿದೀಯ," ಎಂದ ಅವನು. ಅದು ನಿಜವೇ ಆಗಿತ್ತು. "ತುಂಬ ಚೆನ್ನಾಗಿ ಕಾಣ್ತಿದೀಯ. ಹ್ಞೂಂ, ನಗು."

ಅವಳು ಕಥೆಯಿಲ್ಲದೆ, ಮಾತಿಲ್ಲದೆ, ಸುಮ್ಮನೆ ಅಮ್ಮನನ್ನು ನೆನೆದುಕೊಂಡು ನಗಲು ತೊಡಗಿದಳು. ಆಗ ಅವನ ಹೆಬ್ಬೆರಳು ಗಾಲಿಯ ಮೇಲೆ ಆಡಿತು. ಸಂಜೆ ಬರುವವರಿಗೆ ಈ ಸುಟ್ಟ ಕಿಟಕಿಯನ್ನು ಹೇಗೆ ತೋರಿಸುವುದು? ನಾಳೆಯಾದ ಮೇಲೆ ಇವಳು ಇದನ್ನು ನೋಡಿದರೂ ಜಗಳ ಮಾಡುವ ಬಾಯಿ ಇರುತ್ತದೆಯೇ? ಇಷ್ಟನ್ನು ಅವನು ಯೋಚಿಸಿದ್ದು ಹೌದು. ಯೋಚಿಸಿಲ್ಲ ಎಂದು ಅವನ ಪರ ವಹಿಸಿ ಹೇಳುವಂತಿಲ್ಲ. ಕ್ಲಿಕ್, ಕ್ಲಿಕ್. ಕಿಟಕಿಯ ಪಟ್ಟೆಗಳು ಕರಗಿದವು. ಕ್ಲಿಕ್. ಅವಳ ಮಚ್ಚೆ ಕರಗಿತು. ಅವನ ಭುಜದ ಹಿಂದೆ ನಿಂತಿದ್ದ ತಂಗಿ "ಅಣ್ಣ" ಎಂದಳು. ಅವನು ತಿರುಗಿ ನೋಡಿದ. ಅವಳು ನೆಲ ನೋಡಿದಳು.

ಎದುರು ಕುರ್ಚಿಯಲ್ಲಿ ಹೆಂಡತಿ ಇದ್ದ ಜೀವವನ್ನೆಲ್ಲ ತುಟಿಯ ಎಡತುದಿಗೆ ತಂದು ನಿಲ್ಲಿಸಿದ್ದಳು. ಅಲ್ಲಿಂದ ತೆಳುವಾದ ಕೆಂಪು ಎಂಜಲೊಂದು ಗಲ್ಲಕ್ಕೆ ಇಳಿಯುತ್ತಿತ್ತು. ಒರೆಸಿಕೊಂಡರೆ ಚಿತ್ರ ಕೆಟ್ಟೀತೆಂದು ಕೈಯನ್ನು ತೊಡೆಯ ಮೇಲೆಯೇ ಬಿಗಿಹಿಡಿದಿದ್ದಳು. ಸಾಕೇ ಎಂದು ಕಣ್ಣಿನಲ್ಲಿಯೇ ಕೇಳಿದಳು.

"ಇನ್ನೊಂಚೂರು," ಎಂದ ಅವನು, ಫೋಕಸ್ ತಿರುವುತ್ತ.

ಅವಳು ನಗುತ್ತಲೇ ಕೂತಿದ್ದಳು.