ಒಂದಾಳು ಜಾಗ

ಗುದ್ದಲಿ ಮಣ್ಣಿಗಿಳಿದು ಮೇಲೆ ಬಂದಾಗ ಅದರ ಅಲಗಿಗೆ ಅರ್ಧ ಆಲೂಗಡ್ಡೆ ಕಚ್ಚಿಕೊಂಡಿತ್ತು. ಕೆಂಪರಾಜು ಅದನ್ನು ಬಿಡಿಸಿ ಪಕ್ಕಕ್ಕೆಸೆದು ಮತ್ತೆ ಗುದ್ದಲಿ ಎತ್ತಿದ.

"ನಿಲ್ಸೋ! ಎತ್ತಿದ ಕೈ ಅಲ್ಲೇ ನಿಲ್ಸು!"

ಹಿತ್ತಲ ಬಾಗಿಲಲ್ಲಿ ವೆಂಕಟರತ್ನಮ್ಮ ನಿಂತಿದ್ದಳು. ಬೆಳಗಿನಿಂದ ಆಕೆ ಬಾಯಿ ಬಿಟ್ಟದ್ದು ಅದೇ ಮೊದಲು. ಮುಂದಿನ ಜಗಲಿಯ ಮೇಲೆ ಅವಳ ಗಂಡನ ಅಕ್ಕ ಅಕ್ಕಯಮ್ಮನ ಹೆಣ ಮಲಗಿತ್ತು. ಊರ ಹೆಂಗಸರೆಲ್ಲ ಸುತ್ತ ಕೂತು ಅಳುತ್ತಿದ್ದರೂ ರತ್ನಮ್ಮ ಮಾತ್ರ ಕಂಬಕ್ಕೊರಗಿ ಸುಮ್ಮನೆ ಕೂತಿದ್ದಳು. ಮಾತು ಬಿಟ್ಟವಳಿಗೆ ಅಳು ಎಲ್ಲಿಂದ ಬರಬೇಕು ಎಂದು ಒಬ್ಬಿಬ್ಬರು ಆಡಿಕೊಂಡಿದ್ದೂ ಆಗಿತ್ತು.

"ಹೆಣಕ್ಕೆ ನೀರು ಹಾಕಬೇಕಲ್ಲಮ್ಮ, ನೀರು ಇಳಿಯಕ್ಕೆ ಗುಂಡಿ ಬೇಡ್ವಾ?" ಅಂದ ಕೆಂಪರಾಜು. "ಭಾನಣ್ಣನೇ ಇಲ್ಲಿ ಖಾಲಿ ಐತೆ, ತೋಡು ಅಂದ್ರು."

"ಖಾಲಿಯಂತೆ ಖಾಲಿ! ಸೊಪ್ಪು ಕೊಯ್ದು ಬಿಟ್ಟಿರೋದು ಕಣೋ ಅದು. ಕೆಳಗೆ ಪೂರಾ ಗಡ್ಡೆ ಐತೆ."

ಕೆಂಪರಾಜುವಿನ ತಪ್ಪಲ್ಲ. ನೋಡಿದರೆ ಯಾರಿಗಾದರೂ ಬರೀ ಮಣ್ಣೇ ಕಾಣುತ್ತಿತ್ತು. ಗಿಡ ಹಳದಿ ತಿರುಗಿದ ಮೇಲೆ ಅಕ್ಕಯಮ್ಮ ಅದನ್ನು ಬುಡದವರೆಗೆ ಕೊಯ್ದು ತಿಪ್ಪೆಗೆ ಹಾಕಿ, ಮಡಿಯ ಮೇಲೆ ಕೈಯಾಡಿಸಿ ಬಿಟ್ಟಿದ್ದಳು. ಹಾಗೆ ಬಿಟ್ಟರೆ ಗಡ್ಡೆಯ ಸಿಪ್ಪೆ ಮಣ್ಣಲ್ಲೇ ಗಟ್ಟಿಯಾಗುತ್ತದೆ, ಕೀಳುವಾಗ ಸುಲಿಯುವುದಿಲ್ಲ. ರತ್ನಮ್ಮನ ಮಗ ಭಾನುಪ್ರಕಾಶ್ ಹುಟ್ಟಿದಾಗಿನಿಂದ ಹಿಪ್ಪುನೇರಳೆ ಸೊಪ್ಪು, ರೇಷ್ಮೆ ಹುಳು, ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟು ಬಿಟ್ಟರೆ ಬೇರೆ ಕಡೆ ಕಣ್ಣು ಹಾಯಿಸಿದವನಲ್ಲ. ಮನೆಯ ಹಿಂದೆ ಏನು ಬೆಳೆದಿದೆ ಎಂದು ಅವನಿಗೆ ತಟ್ಟೆಗೆ ಬಂದಾಗಲೇ ಗೊತ್ತಾಗುತ್ತಿತ್ತು.

ಗಲಾಟೆ ಕೇಳಿ ಅವನು ಫೋನು ಹಿಡಿದುಕೊಂಡೇ ಬಂದ. "ಏನಮ್ಮಾ?"

"ಹೆಣದ ನೀರು ಬಿದ್ದ ಮಣ್ಣಲ್ಲಿ ಬೆಳೆದಿದ್ದು ಯಾರಾದ್ರೂ ತಿಂತಾರೇನೋ? ಮೊದಲು ಗಡ್ಡೆ ಮೇಲಕ್ಕೆ ಬರಲಿ. ಆಮೇಲೆ ನೀರು."

ಅವನ ಹಿಂದೆಯೇ ಮುನಿವೆಂಕಟಪ್ಪ ಬಂದ. ಇವರ ಅಣ್ಣತಮ್ಮಂದಿರ ಮನೆಗಳಲ್ಲಿ ಅವನೇ ಹಿರಿಯ. ಮದುವೆಯಿರಲಿ, ಸಾವಿರಲಿ, ಅವನು ಹೇಳಿದಂತೆ ನಡೆಯಬೇಕು. "ಜಗಲಿ ಮೇಲೆ ಹೆಣ ಇಟ್ಕೊಂಡು ಆಲೂಗಡ್ಡೆ ಕೀಳ್ತೀಯೇನಮ್ಮಾ ರತ್ನಮ್ಮ? ನೋಡಿದೋರು ಉಗೀತಾರೆ."

"ಉಗೀಲಿ ಬಿಡಿ ಬಾವ. ಇಷ್ಟು ದಿನ ಹೊಗಳ್ತಾ ಇದ್ರಾ?"

ಸೆರಗು ಸೊಂಟಕ್ಕೆ ಸಿಕ್ಕಿಸಿ ರತ್ನಮ್ಮ ಮಡಿಯ ಮೇಲೆ ಕೂತೇಬಿಟ್ಟಳು. ಕೆಂಪರಾಜು ಸಹಾಯಕ್ಕೆಂದು ಗುದ್ದಲಿ ತಂದರೆ ಅವನ ಕೈ ತಳ್ಳಿದಳು. "ಕಬ್ಬಿಣ ತರಬೇಡ. ಅವಳು ಕೈಯಲ್ಲೇ ಕೀಳ್ತಿದ್ಲು." ಎರಡೂ ಕೈಗಳನ್ನು ಮಣಿಕಟ್ಟಿನವರೆಗೆ ಮಣ್ಣೊಳಗೆ ತೂರಿಸಿ ತಡಕಾಡಿದಳು. ಮಣ್ಣು ತಣ್ಣಗಿತ್ತು.

*

ಅಕ್ಕಯಮ್ಮನನ್ನು ಮಂಚೇನಹಳ್ಳಿ ಕಡೆಗೆ ಕೊಟ್ಟಿದ್ದರು. ವರ್ಷ ತುಂಬುವ ಮೊದಲೇ ಅವಳ ಗಂಡ ಇನ್ನೊಬ್ಬಳನ್ನು ತಂದುಕೊಂಡ. ಒಂದು ತಗಡಿನ ಟ್ರಂಕಿನೊಂದಿಗೆ ಬಸ್ಸಿಳಿದ ಮಗಳಿಗೆ, ಅವನ ತಲೆ ಸರಿಹೋಗುವವರೆಗೆ ನಾಲ್ಕು ದಿನ ಇರು ಅಂದರು ತಂದೆತಾಯಿ. ಆ ನಾಲ್ಕು ದಿನ ಮುಗಿಯಲೇ ಇಲ್ಲ. ತಂದೆತಾಯಿ ಹೋದರು, ತಮ್ಮ ವೆಂಕಟರವಣಪ್ಪನಿಗೆ ಮದುವೆಯಾಯಿತು, ರತ್ನಮ್ಮ ಸೊಸೆಯಾಗಿ ಬಂದಳು. ಅಕ್ಕನಿಗೆ ತನ್ನದೆನ್ನುವುದು ಏನಾದರೂ ಇರಲಿ ಎಂದು ತಮ್ಮ ಹಿತ್ತಲನ್ನು ಅವಳಿಗೇ ಬಿಟ್ಟ.

ಅವಳು ಅದರಲ್ಲಿ ಅಂಗೈಯಗಲ ಜಾಗವನ್ನೂ ವ್ಯರ್ಥ ಮಾಡಲಿಲ್ಲ. ಒಂದು ಕಡೆ ಆಲೂಗಡ್ಡೆ, ಗೋಡೆಯುದ್ದಕ್ಕೆ ಕೊತ್ತಂಬರಿ, ಪುದೀನ, ಬಚ್ಚಲ ನೀರು ಹೋಗುವಲ್ಲಿ ದೊಡ್ಡಪತ್ರೆ, ನುಗ್ಗೆಮರದ ಬುಡದಲ್ಲಿ ಮರುಗ. ಊರಲ್ಲಿ ಯಾವ ಕೂಸಿಗೆ ಶೀತವಾದರೂ ದೊಡ್ಡಪತ್ರೆಗೆ ಆ ಹಿತ್ತಲಿಗೇ ಬರಬೇಕಿತ್ತು. ಕೊಡುವಾಗ ಅಕ್ಕಯಮ್ಮ ಬೈದೇ ಕೊಡುತ್ತಿದ್ದಳು, ಕೊಡದೆ ಮಾತ್ರ ಯಾರನ್ನೂ ಕಳಿಸುತ್ತಿರಲಿಲ್ಲ.

ಮೊದಮೊದಲು ಇಬ್ಬರಿಗೂ ಬಹಳ ಚೆನ್ನಾಗಿತ್ತು. ಬಿತ್ತನೆ ಗಡ್ಡೆ ಕೊಯ್ಯುವ ದಿನ ಹಿತ್ತಲ ಕಟ್ಟೆಯ ಮೇಲೆ ಎದುರುಬದುರು ಕೂರುತ್ತಿದ್ದರು. ಒಂದೊಂದು ಹೋಳಿಗೂ ಒಂದು ಮೊಳಕೆಯ ಕಣ್ಣು ಬರುವಂತೆ ಅಕ್ಕಯಮ್ಮ ಕೊಯ್ದುಕೊಟ್ಟರೆ ರತ್ನಮ್ಮ ಒಲೆಯ ಬೂದಿ ಹಚ್ಚಿ ಮೊರದಲ್ಲಿ ಹರವುತ್ತಿದ್ದಳು.

"ಕೊಯ್ದ ಮುಖಕ್ಕೆ ಚೆನ್ನಾಗಿ ಹಚ್ಚೇ ರತ್ನಾ. ಹಂಗೇ ಬಿಟ್ರೆ ಕೊಳ್ತೋಗ್ತದೆ. ಬೂದಿ ಬಿದ್ರೆ ಗಾಯ ಮಾಯ್ತದೆ."

"ನಮಗೂ ಹಚ್ಚಿದ್ರೆ ಮಾಯ್ತದಾ ಅತ್ತಿಗೆ?"

"ಹಚ್ಕೊಂಡು ನೋಡು, ಸನ್ಯಾಸಿ ಆಗ್ತೀಯ." ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು.

ಆಮೇಲೆ ಆ ವರ್ಷ ಬಂತು. ಆಲೂಗಡ್ಡೆ ಎಲೆಗೆ ಹುಳು ಬಿದ್ದು ಜರಡಿಯಾಗಿತ್ತು. ಅಕ್ಕಯಮ್ಮ ಹೊಗೆಸೊಪ್ಪು ಕುದಿಸಿ ಆ ನೀರನ್ನು ಗಿಡಕ್ಕೆ ಚಿಮುಕಿಸಿದಳು. ಹೊಗೆಸೊಪ್ಪಿನ ಘಾಟು ರೇಷ್ಮೆ ಹುಳುವಿಗೆ ವಿಷವೆಂದು ಈ ಕಡೆ ಮಕ್ಕಳಿಗೂ ಗೊತ್ತು. ಬೀಡಿ ಸೇದುವವರು ಕೈ ತೊಳೆಯದೆ ಹುಳು ಮನೆಯ ಹೊಸ್ತಿಲು ದಾಟುವುದಿಲ್ಲ. ಅಕ್ಕಯಮ್ಮನಿಗೆ ಗೊತ್ತಿರಲಿಲ್ಲ ಎಂದೇನಲ್ಲ. ಗಾಳಿಯಿಲ್ಲದ ಹೊತ್ತು ನೋಡಿಯೇ ಹಾಕಿದ್ದಳು. ಸಂಜೆ ಗಾಳಿ ತಿರುಗಿತು. ಗೋಡೆಯಾಚೆ ಹುಳು ಮನೆಯಲ್ಲಿ ಹುಳು ಇನ್ನೇನು ಹಣ್ಣಾಗಿ ಗೂಡು ಕಟ್ಟುವ ಹಾಗಿತ್ತು. ಬೆಳಗ್ಗೆ ನೋಡಿದರೆ ತಟ್ಟೆ ತಟ್ಟೆಯಲ್ಲೂ ಹುಳು ಹಸಿರು ಕಕ್ಕಿಕೊಂಡು ಸುರುಟಿಕೊಂಡಿತ್ತು.

ಇಡೀ ಬೆಳೆಯನ್ನು ಮಂಕರಿಯಲ್ಲಿ ಹೊತ್ತು ತಿಪ್ಪೆಗೆ ಸುರಿದು ಬಂದ ರತ್ನಮ್ಮ, ಅಕ್ಕಪಕ್ಕದವರ ಎದುರಿಗೇ ಅಂದುಬಿಟ್ಟಳು: "ಗಂಡನ ಮನೆ ಕಳ್ಕೊಂಡಿದ್ದು ಸಾಲದು ಅಂತ ನಮ್ಮನೆ ಕಳೆಯಕ್ಕೆ ಬಂದ್ಯಾ? ನೀನು ಈ ಮನೆಯೋಳಲ್ಲ. ಯಾವತ್ತೂ ಅಲ್ಲ."

ಅಕ್ಕಯಮ್ಮ ಅವತ್ತೇ ತನ್ನ ತಟ್ಟೆ ಲೋಟ ತೆಗೆದುಕೊಂಡು ಹಿತ್ತಲಲ್ಲಿ ಗೋಡೆಗೆ ಸೂರು ಇಳಿಸಿ ಕಟ್ಟಿದ್ದ ಇಳಿಜಾರಿನ ಕೋಣೆಗೆ ಹೋಗಿ ಮೂರು ಕಲ್ಲು ಹೂಡಿದಳು. ವೆಂಕಟರವಣಪ್ಪ ಬದುಕಿರುವ ತನಕ ಇಬ್ಬರ ನಡುವೆ ಓಡಾಡಿದ. ಅಕ್ಕನೂ ಜಗ್ಗಲಿಲ್ಲ, ಹೆಂಡತಿಯೂ ಬಗ್ಗಲಿಲ್ಲ. ಅವನು ಹೋದ ಮೇಲೆ ಹೆಂಗಸರಿಬ್ಬರಿಗೂ ಸಾಕ್ಷಿಯಾಗಿ ಉಳಿದದ್ದು ಕೊಟ್ಟಿಗೆಯ ಹಸು. ಏನು ಹೇಳಬೇಕಾದರೂ ಹಸುವಿಗೆ ಹೇಳುತ್ತಿದ್ದರು. "ಮೋಡ ಆಗೈತೆ ಕಣೇ ಗೌರಿ, ಒಣಹಾಕಿರೋ ಬಟ್ಟೆ ತೆಗೀಬಾರ್ದಾ?" ಎಂದು ಅಕ್ಕಯಮ್ಮ ಹಿತ್ತಲಿಂದ ಕೂಗಿದರೆ, "ನಮಗೂ ಕಣ್ಣೈತೆ ಅನ್ನು ಗೌರಿ" ಎಂದು ರತ್ನಮ್ಮ ಒಳಗಿಂದ. ಊರವರು ಆ ಹಸುವನ್ನು ವಕೀಲಮ್ಮ ಎಂದು ಕರೆಯುತ್ತಿದ್ದರು.

ಗಡ್ಡೆ ಕಿತ್ತ ದಿನ ಮಾತ್ರ ತಪ್ಪದೆ ಒಂದು ಕೆಲಸವಾಗುತ್ತಿತ್ತು. ಅಕ್ಕಯಮ್ಮ ದಪ್ಪನೆಯ ಗಡ್ಡೆಗಳನ್ನು ಆರಿಸಿ ಮಂಕರಿ ತುಂಬಿಸಿ, ಮೇಲೆ ಒಂದು ಕಟ್ಟು ಕೊತ್ತಂಬರಿ ಇಟ್ಟು ಕಟ್ಟೆಯ ಮೇಲೆ ಬಿಟ್ಟು ಹೋಗುತ್ತಿದ್ದಳು. ಗೋಲಿಯಷ್ಟು ಸಣ್ಣವು ಅವಳಿಗೆ. ರತ್ನಮ್ಮ ಸದ್ದಿಲ್ಲದೆ ಬಂದು ಮಂಕರಿ ಒಳಗೆ ತೆಗೆದುಕೊಳ್ಳುತ್ತಿದ್ದಳು, ಹುಳಿ ಮಾಡುತ್ತಿದ್ದಳು, ಮನೆಯವರೆಲ್ಲ ಬೆರಳು ಚೀಪಿ ಉಣ್ಣುತ್ತಿದ್ದರು. ಒಂದು ಬಟ್ಟಲು ಆಚೆಗೆ ಕೊಡಬೇಕು ಎಂದು ಪ್ರತಿಸಲವೂ ಅವಳಿಗೆ ಅನ್ನಿಸುತ್ತಿತ್ತು. ಬಟ್ಟಲು ತೊಳೆದು ಇಟ್ಟುಕೊಂಡದ್ದೂ ಉಂಟು. ಕೊಡಲಿಲ್ಲ.

*

ಪಕ್ಕದ ಮನೆಯ ಅಮ್ಮಾಜಮ್ಮ ಮೊದಲು ಬಂದು ಕೂತಳು. ಆಮೇಲೆ ಇನ್ನಿಬ್ಬರು ಹೆಂಗಸರು ಅಳು ನಿಲ್ಲಿಸಿ ಬಂದು ಮಣ್ಣಿಗೆ ಕೈ ಹಾಕಿದರು. ಗಡ್ಡೆಗಳು ಒಂದೊಂದಾಗಿ ಮೇಲೆ ಬಂದವು. ಸಿಪ್ಪೆ ಇನ್ನೂ ಎಳಸಾಗಿತ್ತು, ಹೆಬ್ಬೆರಳು ತಾಗಿದರೆ ಸುಲಿಯುತ್ತಿತ್ತು.

"ಇನ್ನೊಂದು ನಾಲ್ಕು ದಿನ ಬೇಕಿತ್ತು," ಅಂದಳು ಅಮ್ಮಾಜಮ್ಮ.

"ನೆನ್ನೆ ಹಂಗೇ ಅಂದ್ಲು," ಅಂದಳು ರತ್ನಮ್ಮ. "ಇನ್ನೊಂದು ನಾಲ್ಕು ದಿನ ಬಿಟ್ಟು ಕೀಳ್ತೀನಿ ಕಣೇ ಗೌರಿ, ಯಾಕೋ ಎದೆ ಹಿಡ್ಕೊಂಡಂಗೆ ಆಗ್ತೈತೆ ಅಂದ್ಲು. ನಾನು ಒಳಗೇ ಇದ್ದೆ. ಕೇಳಿಸ್ತು." ಮತ್ತೆ ಮಣ್ಣಿಗೆ ಕೈ ಹಾಕಿದಳು. "ಕೇಳಿಸ್ತಲ್ಲ ಅಮ್ಮಾಜಮ್ಮ, ಎದ್ದು ಹೋಗ್ಲಿಲ್ವಲ್ಲ ನಾನು."

ಅಮ್ಮಾಜಮ್ಮ ಕೈಗೆ ಸಿಕ್ಕ ಗಡ್ಡೆಯನ್ನು ಸೆರಗಿನಲ್ಲಿ ಒರೆಸಿ ಮಂಕರಿಗೆ ಹಾಕಿದಳು.

ಮಡಿ ಬರಿದಾದ ಮೇಲೆ ಕೆಂಪರಾಜು ಗುಂಡಿ ತೋಡಿದ. ಅಕ್ಕಯಮ್ಮನಿಗೆ ಅಲ್ಲೇ ನೀರು ಹಾಕಿದರು. ತವರಿನವರು ಉಡಿಸಬೇಕಾದ ಸೀರೆಯನ್ನು ರತ್ನಮ್ಮ ತನ್ನ ಪೆಟ್ಟಿಗೆಯಿಂದ ತಂದು ಉಡಿಸಿದಳು. ನುಗ್ಗೆಮರದ ಬುಡದಿಂದ ಮರುಗ ಕಿತ್ತು, ಒದ್ದೆ ಕೂದಲು ಬಾಚಿ ಮುಡಿಸಿದಳು. ಇದ್ದಾನೋ ಇಲ್ಲವೋ ಗೊತ್ತಿಲ್ಲದ ಗಂಡನ ಹೆಂಡತಿಗೆ ಮುಡಿಸಬಹುದೋ ಬಾರದೋ ಎಂದು ಹೆಂಗಸರು ಮುಖ ಮುಖ ನೋಡಿಕೊಂಡರು.

ಅಂಗಳದಲ್ಲಿ ಭಾನುಪ್ರಕಾಶ್ ಮುನಿವೆಂಕಟಪ್ಪನಿಗೆ ಹೇಳುತ್ತಿದ್ದ: "ಮಂಚೇನಹಳ್ಳಿಗೆ ಫೋನ್ ಮಾಡ್ದೆ ದೊಡ್ಡಪ್ಪ. ಆಯಪ್ಪ ತೀರ್ಕೊಂಡು ವರ್ಷಗಳಾಯ್ತಂತೆ. ನಮಗೂ ಆಯಮ್ಮಂಗೂ ಸಂಬಂಧ ಇಲ್ಲ, ಬರಲ್ಲ ಅಂದ್ಬಿಟ್ರು."

ಗಂಡ ಸತ್ತದ್ದು ಈ ಮನೆಗೆ ಅವತ್ತೇ ಗೊತ್ತಾಯಿತು. ಅಕ್ಕಯಮ್ಮನಿಗೆ ಗೊತ್ತಾಗಲೇ ಇಲ್ಲ.

"ಹಂಗಾದ್ರೆ ಕೆರೆ ಪಕ್ಕದ ಸ್ಮಶಾನಕ್ಕೆ ತಗೊಂಡೋಗಣ," ಅಂದ ಮುನಿವೆಂಕಟಪ್ಪ. "ತೋಟದಲ್ಲಿ ಇಡಕ್ಕಾಗಲ್ಲ. ಕೊಟ್ಟ ಹೆಣ್ಣು ಬೇರೆ ಮನೆಯೋಳು. ನಿಮಗೆ ಪೂರ್ತಿ ಸೂತಕಾನೂ ಬರಲ್ಲ. ಒಳಗೆ ಹೇಳು, ಒಲೆ ಹಚ್ಚಿ ಬಂದೋರಿಗೆ ಒಂದಿಷ್ಟು ಕಾಫಿ ಕಾಯಿಸ್ಲಿ."

ಹಿಪ್ಪುನೇರಳೆ ತೋಟದ ಮೂಲೆಯಲ್ಲಿ ಈ ಮನೆಯವರ ಸಮಾಧಿಗಳು ಸಾಲಾಗಿದ್ದವು. ಅಕ್ಕಯಮ್ಮನ ತಂದೆ, ತಾಯಿ, ಆಮೇಲೆ ವೆಂಕಟರವಣಪ್ಪ. ಅವನ ಮಗ್ಗುಲಲ್ಲಿ ಒಂದಾಳು ಜಾಗ ಬಿಟ್ಟು, ಆಚೆಗೆ ಬಂಡೆ. ಆ ಜಾಗ ಯಾರಿಗೆಂದು ಎಲ್ಲರಿಗೂ ಗೊತ್ತಿತ್ತು. ಗಂಡನನ್ನು ಮಣ್ಣು ಮಾಡಿದ ದಿನ ರತ್ನಮ್ಮ ಅಲ್ಲೇ ಕೂತು ಅತ್ತಿದ್ದಳು.

ಮಣ್ಣು ಮೆತ್ತಿದ ಕೈಯಲ್ಲೇ ರತ್ನಮ್ಮ ಅಂಗಳಕ್ಕೆ ಬಂದಳು.

"ಒಲೆ ಹಚ್ಚಲ್ಲ. ಈ ಮನೆಯೋಳು ಸತ್ತಿದ್ದಾಳೆ."

"ಪದ್ಧತಿ ಅಂತ ಒಂದೈತಲ್ಲಮ್ಮಾ..."

"ಇರಲಿ. ಭಾನು, ತೋಟಕ್ಕೆ ಆಳು ಕಳ್ಸು. ನಿಮ್ಮಪ್ಪನ ಪಕ್ಕ ತೋಡ್ಲಿ."

"ಅಮ್ಮಾ, ಅದು ನಿಂದು..."

"ಗೊತ್ತು ಕಣಪ್ಪ. ನನ್ನ ಜಾಗ ನಾನು ಕೊಡ್ತಾ ಇದೀನಿ, ಯಾರನ್ನೂ ಕೇಳಬೇಕಾಗಿಲ್ಲ."

ಮುನಿವೆಂಕಟಪ್ಪ ದನಿ ತಗ್ಗಿಸಿದ. "ಆತುರ ಬೇಡ ತಾಯಿ. ಆಚೆ ಬಂಡೆ ಐತೆ, ಇನ್ನೊಂದು ಗುಂಡಿ ಬರಲ್ಲ. ನಾಳೆ ನಿನ್ನನ್ನೆಲ್ಲಿ ಇಡಣ?"

"ಕೆರೆ ಪಕ್ಕ ಹಾಕಿ. ನಾನೇನು ಎದ್ದು ಬಂದು ಕೇಳ್ತೀನಾ?"

ಮುನಿವೆಂಕಟಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡು, ಗುಂಡಿ ಆಳವಿರಲಿ ಎಂದಷ್ಟೇ ಕೆಂಪರಾಜುವಿಗೆ ಹೇಳಿದ.

ತೋಟದಲ್ಲಿ ಭಾನುಪ್ರಕಾಶ್ ಮೊದಲ ಹಿಡಿ ಮಣ್ಣು ಹಾಕಿದ. ರತ್ನಮ್ಮನ ಸರದಿ ಬಂದಾಗ ಮುಷ್ಟಿ ಬಿಚ್ಚಲಿಲ್ಲ. "ಅತ್ತಿಗೇ" ಎಂದು ಒಮ್ಮೆ ಕೂಗಿದಳು. ಎಷ್ಟೋ ವರ್ಷದಿಂದ ಆಡದ ಆ ಮಾತು ತೋಟದ ಆಚೆಯ ರಸ್ತೆಗೂ ಕೇಳಿಸಿತು. ಆಮೇಲೆ ಅವಳನ್ನು ಹಿಡಿದು ನಿಲ್ಲಿಸಲು ಇಬ್ಬರು ಬೇಕಾದರು.

*

ಬಂದವರು ಹೊರಟರು. ಹೆಣವಿಟ್ಟಿದ್ದ ಜಾಗದಲ್ಲಿ ದೀಪ ಉರಿಯುತ್ತಿತ್ತು. ಸಾವಾಗಲಿ ಮದುವೆಯಾಗಲಿ ಹುಳುವಿನ ಹಸಿವು ಕಾಯುವುದಿಲ್ಲ. ಸೊಸೆ ಲಾವಣ್ಯ ಸೊಪ್ಪು ಹಾಕಿ ಬಂದಳು.

"ಅತ್ತೆ, ಅಮ್ಮಾಜಮ್ಮ ಮುದ್ದೆ ಸಾರು ಕಳ್ಸಿದ್ದಾರೆ. ಒಂದು ತುತ್ತಾದ್ರೂ ತಿನ್ನಿ."

"ನೀವು ತಿನ್ನಿ ಹೋಗಮ್ಮ. ನಾನು ಬರ್ತೀನಿ."

ರತ್ನಮ್ಮ ಹಿತ್ತಲಿಗೆ ಹೋದಳು. ಕಟ್ಟೆಯ ಮೇಲೆ ಮಂಕರಿ ಇತ್ತು. ಯಾರೋ ದಪ್ಪನೆಯವು ಸಣ್ಣವು ಎಲ್ಲ ಸೇರಿಸಿ ತುಂಬಿದ್ದರು. ಕೂತು ಆರಿಸಿದಳು. ಗೋಲಿಯಷ್ಟು ಸಣ್ಣವನ್ನೆಲ್ಲ ತನ್ನ ಮಡಿಲಿಗೆ ಹಾಕಿಕೊಂಡಳು.

ಆಮೇಲೆ ನೆನಪಾಗಿ ಎದ್ದು, ಗುಂಡಿಯ ಪಕ್ಕದ ಮಣ್ಣಲ್ಲಿ ಹುಡುಕಿದಳು. ಬೆಳಗ್ಗೆ ಗುದ್ದಲಿಗೆ ಸಿಕ್ಕ ಆ ಅರ್ಧ ಗಡ್ಡೆ ಅಲ್ಲೇ ಬಿದ್ದಿತ್ತು. ಕೊಯ್ದ ಮುಖ ಆಗಲೇ ಕಂದಿತ್ತು. ಅದನ್ನು ಹಿಡಿದುಕೊಂಡು ಇಳಿಜಾರಿನ ಕೋಣೆಯ ಬಾಗಿಲು ತಳ್ಳಿದಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ಅದರೊಳಗೆ ಕಾಲಿಟ್ಟಿರಲಿಲ್ಲ. ತಗಡಿನ ಟ್ರಂಕು, ಮಡಿಸಿಟ್ಟ ಚಾಪೆ, ತೊಳೆದು ಬೋರಲು ಹಾಕಿದ ಒಂದು ತಟ್ಟೆ, ಮೂರು ಕಲ್ಲಿನ ಒಲೆ.

ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕೈ ಇಟ್ಟು ನೋಡಿದಳು. ಆರಿ ತಣ್ಣಗಾಗಿತ್ತು. ಒಂದು ಚಿಟಿಕೆ ಬೂದಿ ತೆಗೆದುಕೊಂಡು ಗಡ್ಡೆಯ ಕೊಯ್ದ ಮುಖಕ್ಕೆ ಹಚ್ಚಿದಳು. ಸಾಲದೆನಿಸಿ ಇನ್ನೊಂದು ಚಿಟಿಕೆ ತೆಗೆದುಕೊಂಡಳು. ಹಸಿ ಎಲ್ಲೂ ಕಾಣದಂತೆ, ಅಂಚಿನವರೆಗೂ ಹಚ್ಚುತ್ತಲೇ ಇದ್ದಳು.