ಬೀಗದ ಸಾಲುಗಳು

ಉಗಾರ ಬುದ್ರುಕದ ನೀರಾವರಿ ಸಂಘದಲ್ಲಿ ಮಲಕವ್ವನ ನೀರಿನ ಪಾಳಿ ಮೂರು ಸಲ ತಪ್ಪಿತು. ಅವಳ ಕಬ್ಬು ಬಾಡಿತು. ತಪ್ಪು ಸನ್ಮತಿ ಬರೆದ, ಪಾಳಿ ಹಚ್ಚುವ ಕಂಪ್ಯೂಟರ್ ಪ್ರೋಗ್ರಾಮಿನದು ಎಂದು ಅಮೋಲ ಸಭೆಯಲ್ಲಿ ಹೇಳಿದ. ಹಾಗೇ ಠರಾವು ಆಯಿತು.

ಸನ್ಮತಿ ನನ್ನ ಗಂಡ. ತೀರಿಕೊಂಡು ಒಂಬತ್ತು ತಿಂಗಳು. ಅಮೋಲ ಅವನಿಂದಲೇ ಕೆಲಸ ಕಲಿತವನು. ಅಧ್ಯಕ್ಷ ಆಬಾಸಾಹೇಬರ ತಂಗಿಯ ಮಗ. ನನಗೂ ಪ್ರೋಗ್ರಾಮ್ ಬರೆಯಲು ಬರುತ್ತಿತ್ತು; ಆದರೂ ನೋಡಿಕೋ ಎಂದು ಎಲ್ಲವನ್ನೂ ಅವನ ಕೈಗೆ ಒಪ್ಪಿಸಿದವಳು ನಾನೇ.

ಠರಾವಿನಿಂದ ಸನ್ಮತಿಯ ಹೆಸರು ತೆಗೆಸಬೇಕೆಂದು ಸಂಘದ ಆಫೀಸಿಗೆ ಹೋದೆ. ಹಳೆಯ ಲಿನಕ್ಸ್ ಕಂಪ್ಯೂಟರ್ ಇರಲಿಲ್ಲ. ಅಮೋಲ ವಿಂಡೋಸಿನದನ್ನು ತಂದಿಟ್ಟಿದ್ದ. ಅವನೆದುರೇ ಕೂತು ಸನ್ಮತಿಯ ಪ್ರೋಗ್ರಾಮ್ ತೆರೆದು ಓದಿದೆ.

ಪಂಪ್ ಓಡಿಸುವ ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ಎರಡೂ ಪಂಪ್‌ಹೌಸಿನವರು ಒಟ್ಟಿಗೇ ಫೋನಿನಿಂದ ಪಾಳಿ ಬರೆಯುತ್ತಾರೆ. ಒಬ್ಬರು ಮುಗಿಸುವವರೆಗೆ ಇನ್ನೊಬ್ಬರನ್ನು ತಡೆಯಲು ಸನ್ಮತಿ ಫೈಲಿಗೆ ಬೀಗ ಹಾಕುವ ಮಾಡ್ಯೂಲ್ ಬಳಸಿದ್ದ. ಅದು ವಿಂಡೋಸಿನಲ್ಲಿ ಇಲ್ಲ. ಹಾಗೆಂದು ಪ್ರೋಗ್ರಾಮಿನೊಳಗೇ ಬರೆದೂ ಇಟ್ಟಿದ್ದ: 'ಮಷಿನ್ ಬದಲಿಸಿದರೆ ಮೊದಲು ಇದನ್ನು ಬದಲಿಸು, ಅಮೋಲ.'

ಅದರ ಕೆಳಗೆ, ಬೀಗದ ಸಾಲುಗಳ ಮುಂದೆ ಒಂದೊಂದು ಹ್ಯಾಶ್ (#) ಗುರುತು. ಹ್ಯಾಶ್ ಇದ್ದ ಸಾಲನ್ನು ಕಂಪ್ಯೂಟರ್ ಓದುವುದಿಲ್ಲ. ಬೀಗವಿಲ್ಲದೆ ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರದು ಬಿದ್ದು ಮಲಕವ್ವನ ಪಾಳಿ ಅಳಿಸಿಹೋಗಿತ್ತು.

"ಇದನ್ನ ಓದಿದ್ಯಾ ಅಮೋಲ?"

"ಓದಿದ್ದೆ ವೈನಿ." ದನಿ ಇಳಿಸಿದ. "ಹೊಸಾ ಮಷಿನ್‌ದಾಗ ಓಡಲಿಲ್ಲ, ಅದಕ್ಕ ಬಂದ್ ಮಾಡಿದೆ. ಇಬ್ಬರು ಒಮ್ಮೆಗೇ ಬರ್ಯೂದು ಎಷ್ಟ್ ಸಲ ಆಗತೈತಿ ಅಂದ್ಕೊಂಡೆ."

"ಮತ್ತ ಸಭಾದಾಗ ಅವರ ಹೆಸರು ಯಾಕ ಹೇಳಿದಿ?"

"ಅವರಿಗೆ ಈಗ ಏನ್ ಆಗಬೇಕಾಗೇತ್ರಿ? ನಾ ಇದ ಊರಾಗ ಬಾಳೇ ಮಾಡಬೇಕು."

ಬಾಗಿಲಲ್ಲಿ ಕೂತಿದ್ದ ಮಲಕವ್ವ ಎದ್ದಳು. "ಎಲಾ ಭಾಡ್ಯಾ! ಎದ್ದು ಬಂದು ಕೇಳೂದಿಲ್ಲಂತ ಸತ್ತಾವನ ಮ್ಯಾಲ ಹಾಕಿದ್ಯಾ?"

ಅಧ್ಯಕ್ಷರ ಕುರ್ಚಿಯಲ್ಲಿದ್ದ ಆಬಾಸಾಹೇಬರು ಕನ್ನಡಕ ಒರೆಸಿಕೊಂಡರು. "ಸಾಕ್ ಬಿಡ ಮಲಕವ್ವಾ. ತೃಪ್ತಿ, ನಿನಗ ಇದನ್ನ ಸುಧಾರಿಸಾಕ ಬರತೈತೇನವಾ?"

"ಬರತೈತಿ ಕಾಕಾ. ಮೊದಲ ಠರಾವು ತಿದ್ದರಿ."

"ಆಗಿ ಹೋದ ಠರಾವು ಹೆಂಗ ತಿದ್ದೂದವಾ? ಹುಡುಗನ ಹೆಸರು ಕೆಡತೈತಿ."

ನಾನು ಹೊರಡಲು ಎದ್ದೆ. ಮಲಕವ್ವ ನನ್ನ ಮುಖ ನೋಡಿದಳು. "ನಾಳೆ ನನ್ನ ಪಾಳಿ ಐತಿ, ತಂಗಿ" ಎಂದಳು, ಅಷ್ಟೇ.

ಮತ್ತೆ ಕೂತೆ. ಬೀಗ ಹಾಕಲು ವಿಂಡೋಸಿಗೆ ಅದರದೇ ಬೇರೆ ಮಾಡ್ಯೂಲ್ ಉಂಟು. ಎಂಟು ಸಾಲು. ಎರಡು ಫೋನಿನಿಂದ ಒಟ್ಟಿಗೇ ಬರೆದು ನೋಡಿದೆ, ಎರಡನೆಯದು ಕಾಯಿತು.

"ಇಷ್ಟೇ ಏನ್ರಿ ವೈನಿ?" ಎಂದ ಅಮೋಲ.

ಮರುದಿನ ಮಲಕವ್ವನ ಹೊಲಕ್ಕೆ ನೀರು ಹರಿಯಿತು. ತಪ್ಪು ಸನ್ಮತಿಯದೆಂಬ ಠರಾವು ಹಾಗೆಯೇ ಇದೆ.