ಸ್ವಂತ ಮಗಳ ದತ್ತುಪತ್ರ

ಸರ್ಕಾರದ ಲೆಕ್ಕದಲ್ಲಿ ಸೌಂದರ್ಯಾಳ ಅಪ್ಪ ಅವಳು ಹುಟ್ಟುವುದಕ್ಕೆ ಎರಡು ವರ್ಷ ಮೊದಲೇ ಸತ್ತಿದ್ದ. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ದೊಡ್ಡನೆಕ್ಕುಂದಿಯ ಗಲ್ಲಿಗಲ್ಲಿ ಸುತ್ತಿಸಿದ ಅಮೃತಪ್ಪ ಯಾರೆಂಬುದು ಸರ್ಕಾರಕ್ಕೆ ಗೊತ್ತಿರಲಿಲ್ಲ.

ತಪ್ಪೆಲ್ಲ ಅವಳ ತಾಯಿ ಲಕ್ಷ್ಮಿದೇವಿಯದೇ ಎಂದು ಕಚೇರಿಯವರೆಲ್ಲ ಒಮ್ಮತದಿಂದ ತೀರ್ಮಾನಿಸಿದ್ದರು. ಮೊದಲ ಗಂಡ ದುರ್ಗೇಶ ಕಾಮಾಲೆಯಿಂದ ತೀರಿಕೊಂಡ ಮೇಲೆ ಯಾದಗಿರಿ ಕಡೆಯ ಅವಳ ಊರಿನ ಹಿರಿಯರು ಅವಳಿಗೆ ಅಮೃತಪ್ಪನೊಂದಿಗೆ ಉಡಿಕೆ ಮಾಡಿಸಿದರು. ಉಡಿಕೆಯೆಂದರೆ ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ನಾಲ್ಕು ಜನರೆದುರು ಇನ್ನೊಬ್ಬನ ಮನೆ ತುಂಬಿಸುವುದು. ಚಪ್ಪರವಿಲ್ಲ, ಲಗ್ನಪತ್ರಿಕೆಯಿಲ್ಲ, ಫೋಟೊ ಅಂತೂ ಇಲ್ಲವೇ ಇಲ್ಲ. ಬೆಂಗಳೂರಿಗೆ ಬರುವಾಗ ಅವಳು ಪಾತ್ರೆ ಪಡಗದ ಜೊತೆಗೆ ಹಳೆಯ ಆಧಾರ್ ಕಾರ್ಡನ್ನೂ ತಂದಳು. ಅದರಲ್ಲಿ ಗಂಡನ ಹೆಸರು ದುರ್ಗೇಶ ಎಂದೇ ಇತ್ತು. ಹೆರಿಗೆಯ ದಿನ ಆಸ್ಪತ್ರೆಯ ಗುಮಾಸ್ತ ಕಾರ್ಡು ನೋಡಿ ಮಗುವಿನ ಅಪ್ಪನ ಹೆಸರು ಬರೆದುಕೊಂಡ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಪ್ಪನನ್ನು ಯಾರೂ ಕೇಳಲಿಲ್ಲ.

ಹನ್ನೊಂದು ವರ್ಷ ಈ ತಪ್ಪು ಯಾರ ತಂಟೆಗೂ ಬರಲಿಲ್ಲ. ಈಗ ಸೌಂದರ್ಯಾಗೆ ವಸತಿಶಾಲೆಯಲ್ಲಿ ಸೀಟು ಸಿಕ್ಕಿತ್ತು. ಅವರಿದ್ದ ಬಾಡಿಗೆ ರೂಮುಗಳ ಸಾಲಿನಲ್ಲಿ ಪರೀಕ್ಷೆ ಪಾಸಾದವಳು ಅವಳೊಬ್ಬಳೇ. ಶನಿವಾರದೊಳಗೆ ಅಪ್ಪನ ಸಹಿ ಹಾಕಿಸದಿದ್ದರೆ ಸೀಟು ಬೇರೆಯವರ ಪಾಲು. ಲಕ್ಷ್ಮಿದೇವಿ ಕೆಲಸ ಬಿಟ್ಟು ಕಚೇರಿಗಳನ್ನು ಸುತ್ತಿದಳು. ಹೆಸರು ತಿದ್ದಲು ಮದುವೆಯ ಸರ್ಟಿಫಿಕೇಟ್ ಬೇಕೆಂದರು, ಸರ್ಟಿಫಿಕೇಟಿಗೆ ಮದುವೆಯ ಫೋಟೊ ಬೇಕೆಂದರು. ಈಗ ಮದುವೆಯಾದರೆ ಹನ್ನೊಂದು ವರ್ಷದ ಹಿಂದೆ ಹುಟ್ಟಿದ ಮಗುವಿಗೆ ಅದು ಲಾಗೂ ಆಗುವುದಿಲ್ಲವಂತೆ. ಒಬ್ಬ ಸಾಹೇಬರಂತೂ, ಉಡಿಕೆಯ ದಿನ ಯಾರ ಹತ್ತಿರವೂ ಮೊಬೈಲ್ ಇರಲಿಲ್ಲವೇ ಎಂದು ಕೇಳಿ, ತಾವೇ ಮೋಸಹೋದವರ ಹಾಗೆ ಬೇಸರಪಟ್ಟುಕೊಂಡರು.

ಕೊನೆಗೆ ದಾರಿ ತೋರಿಸಿದವನು ಕೆ.ಆರ್. ಪುರದ ಪತ್ರ ಬರಹಗಾರ ಮಧುಕರ್. ಕಾನೂನನ್ನು ಅರೆದು ಕುಡಿದವನು. ಸತ್ತ ದುರ್ಗೇಶನ ಮಗಳನ್ನು ಅಮೃತಪ್ಪ ದತ್ತು ತೆಗೆದುಕೊಳ್ಳಲಿ, ಅಪ್ಪ ಸತ್ತಿರುವುದರಿಂದ ಕೊಡುವ ಹಕ್ಕು ತಾಯಿಯದು, ಎರಡು ದಿನದ ಕೆಲಸ ಎಂದ. ತೆಗೆದುಕೊಳ್ಳುವವನು ಹುಡುಗಿಗಿಂತ ಇಪ್ಪತ್ತೊಂದು ವರ್ಷವಾದರೂ ದೊಡ್ಡವನಿರಬೇಕಿತ್ತು. ಪುಣ್ಯಕ್ಕೆ ಇಪ್ಪತ್ತನಾಲ್ಕು ವರ್ಷದ ಅಂತರವಿತ್ತು. ಅಂತೂ ಸ್ವಂತ ಮಗಳಿಗೆ ಅಪ್ಪನಾಗುವ ಅರ್ಹತೆ ಅಮೃತಪ್ಪನಿಗಿದೆ ಎಂದು ಕಾನೂನೇ ಒಪ್ಪಿಕೊಂಡಿತು.

ಶುಕ್ರವಾರ ಮಧ್ಯಾಹ್ನ ಪತ್ರ ತಯಾರಾಯಿತು. ಮಗುವನ್ನು ಕೈಯಾರೆ ಕೊಟ್ಟು ಕೈಯಾರೆ ಪಡೆಯಬೇಕೆಂದು ಮಧುಕರ್ ಹೇಳಿದ್ದಕ್ಕೆ, ಲಕ್ಷ್ಮಿದೇವಿ ಮಗಳ ಕೈಯನ್ನು ಗಂಡನ ಕೈಯಲ್ಲಿಟ್ಟಳು. ಸೌಂದರ್ಯಾ ಕಿಸಕ್ಕನೆ ನಕ್ಕಳು. ಲಕ್ಷ್ಮಿದೇವಿಗೂ ನಗು ತಡೆಯಲಾಗಲಿಲ್ಲ. ಇನ್ನು ಹೆಬ್ಬೆಟ್ಟು ಒತ್ತುವುದೊಂದೇ ಬಾಕಿ. ಅಷ್ಟರಲ್ಲಿ ಮಧುಕರ್ ಕಂಪ್ಯೂಟರಿನಲ್ಲಿ ಶಾಲೆಯ ಫಾರಂ ತುಂಬತೊಡಗಿದ. ತಂದೆ, ಅಮೃತಪ್ಪ. ತಾಯಿಯ ಕಾಲಮ್ಮಿಗೆ ಗೀಟು ಹಾಕಿದ.

ಓದು ಬಾರದ ಲಕ್ಷ್ಮಿದೇವಿಗೂ ಗೀಟು ತಿಳಿಯಿತು. ತನ್ನ ಹೆಸರು ಯಾಕಿಲ್ಲ ಎಂದು ಕೇಳಿದಳು.

“ನೀವು ಕೊಟ್ಬಿಡ್ತಾ ಇದೀರಲ್ಲಮ್ಮ. ಕೊಟ್ಮೇಲೆ ಕಾನೂನಿನ ಪ್ರಕಾರ ನಿಮಗೂ ಅವಳಿಗೂ ಸಂಬಂಧ ಇರಲ್ಲ.”

“ಅಕಿನ್ನ ಹಡದಾಕಿ ನಾನೇ ಅದೀನ್ರಿ.”

ಹಡೆದದ್ದರಿಂದಲೇ ಕೊಡಲು ಸಾಧ್ಯವಾಗುತ್ತಿದೆ ಎಂದು ಮಧುಕರ್ ಸಮಾಧಾನವಾಗಿ ವಿವರಿಸಿದ. ಅವನೇನೂ ಕೆಟ್ಟವನಲ್ಲ. ಅವಳ ಮುಖ ನೋಡಲಾರದೆ ದಪ್ಪ ಪುಸ್ತಕವೊಂದನ್ನು ತೆರೆದು ಹುಡುಕಿದ. ಒಂದು ಪುಟದಲ್ಲಿ ಬೆರಳು ನಿಂತಿತು, ಮುಖ ಅರಳಿತು.

“ಒಂದು ದಾರಿ ಇದೆ. ಆಮೇಲೆ ಇವರನ್ನ ನೀವು ರಿಜಿಸ್ಟರ್ ಮದ್ವೆ ಆಗ್ಬಿಡಿ. ಆಗ ಮಲತಾಯಿ ಅಂತ ಹಾಕ್ಬೋದು.”

ಲಕ್ಷ್ಮಿದೇವಿಗೆ ಪತ್ರವನ್ನು ಹರಿದು ಅವನ ಮುಖಕ್ಕೆಸೆದು ಮಗಳನ್ನು ಎಳೆದುಕೊಂಡು ಹೋಗಬೇಕೆನಿಸಿತು. ಅಮೃತಪ್ಪ ಈ ಪತ್ರವೇ ಬೇಡವೆಂಬಂತೆ ತಲೆಯಾಡಿಸಿ ಬಾಗಿಲ ಕಡೆ ನೋಡಿದ. ಸೌಂದರ್ಯಾ ಮಾತ್ರ ಅಪ್ಪನ ಕೈ ಹಿಡಿದುಕೊಂಡೇ ಬಗ್ಗಿ, ಪರದೆಯ ಮೇಲೆ ತನ್ನ ಹೆಸರನ್ನೂ ಅದರ ಮುಂದಿದ್ದ ಶಾಲೆಯ ಹೆಸರನ್ನೂ ಮತ್ತೆ ಮತ್ತೆ ಓದಿಕೊಳ್ಳುತ್ತಿದ್ದಳು.

“ಹೆಬ್ಬೆಟ್ಟು ಎಲ್ಲಿ ಒತ್ತಲ್ರಿ?” ಎಂದು ಲಕ್ಷ್ಮಿದೇವಿ ಕೇಳಿದಳು.